ಮನೆಯಂಗಳದಲ್ಲೊಂದು ಗಾಡಿಮನೆ

ಬೇಸಗೆಯ ರಜೆ ಹತ್ತಿರವಾದಂತೆಲ್ಲ ನಮ್ಮ ಮಧ್ಯಮ ವರ್ಗದ ಸಂಸಾರಗಳಲ್ಲಿ ಒಂದು ಚರ್ಚೆ ತಪ್ಪದೆ ನಡೆಯುತ್ತದೆ. ಮಕ್ಕಳಿಗೆ ಹೊಸ ಊರು ನೋಡುವ ಆಸೆ. ಗೃಹಿಣಿಗೆ ನಾಲ್ಕು ದಿನವಾದರೂ ದಿನನಿತ್ಯದ ಜಂಜಡದಿಂದ ಬಿಡುಗಡೆ ಬೇಕೆಂಬ ಬಯಕೆ. ಯಜಮಾನರಿಗೆ ಖರ್ಚಿನ ಚಿಂತೆ. ಪ್ರಯಾಣದ ಖರ್ಚು ಹೇಗೋ ಹೊಂದೀತು, ವಸತಿಯ ಖರ್ಚೇ ಭಾರವಾಗುತ್ತದೆ. ಚೈತ್ರಮಾಸದಲ್ಲಿ ಬೇಲೂರಿನ ಚೆನ್ನಕೇಶವನ ರಥೋತ್ಸವಕ್ಕೆ ಹೋದವರು ಕೈಯಲ್ಲಿ ಹಣ ಹಿಡಿದು ನಿಂತರೂ ಕೋಣೆಗಾಗಿ ಅಲೆಯಬೇಕಾದೀತು. ಆಗ ಯಾರಾದರೂ, "ಮನೆಯನ್ನೇ ಬೆನ್ನಿಗೆ ಕಟ್ಟಿಕೊಂಡು ಬರುವಂತಿದ್ದರೆ!" ಎಂದು ನಿಟ್ಟುಸಿರಿಟ್ಟರೆ ಉಳಿದವರು ನಕ್ಕುಬಿಡುತ್ತಾರೆ.

ಆದರೆ ಇದು ನಕ್ಕು ಮರೆಯುವ ಮಾತಲ್ಲ. ಕಾರಿನ ಹಿಂದೆ ಕಟ್ಟಿಕೊಂಡು ಹೋಗಬಹುದಾದ ಪುಟ್ಟ ಮರದ ಮನೆಯೊಂದನ್ನು ಸಾಮಾನ್ಯ ಜನರು ತಮ್ಮ ಹಿತ್ತಿಲಿನಲ್ಲಿಯೇ ಕಟ್ಟಿಕೊಳ್ಳುವ ಪದ್ಧತಿ ಪರದೇಶಗಳಲ್ಲಿ ಸುಮಾರು ತೊಂಬತ್ತು ವರ್ಷಗಳಿಂದ ಇದೆ. ಪಕ್ಕದಿಂದ ನೋಡಿದರೆ ಅದರ ಆಕಾರ ಕಣ್ಣೀರಿನ ಹನಿಯಂತೆ ಕಾಣುತ್ತದೆ. ಮುಂದೆ ದುಂಡಾಗಿ ಉಬ್ಬಿ, ಹಿಂದಕ್ಕೆ ಸರಿದಂತೆ ಇಳಿಯುತ್ತ ಹೋಗುತ್ತದೆ. ಆದ್ದರಿಂದಲೇ ಅಲ್ಲಿನವರು ಅದನ್ನು 'ಟಿಯರ್‌ಡ್ರಾಪ್' ಎಂದು ಕರೆದರು. ನಾವು ಕನ್ನಡದಲ್ಲಿ ಅದನ್ನು 'ಹನಿಗಾಡಿ' ಎನ್ನೋಣ. ಇಬ್ಬರು ಮಲಗಲು ಒಂದು ಹಾಸಿಗೆ, ಹಿಂಬದಿಯ ಮುಚ್ಚಳವನ್ನು ಮೇಲಕ್ಕೆತ್ತಿದರೆ ಒಂದು ಅಡಿಗೆಯ ಕಪಾಟು: ಇಷ್ಟೇ ಅದರ ಸಂಪತ್ತು.

ಇಂತಹ ಗಾಡಿಯನ್ನು ಕಟ್ಟುವವನಿಗೆ ಗರಗಸ ಹಿಡಿಯುವ ಕೈಚಳಕ ಬೇಕು, ನಿಜ. ಆದರೆ ಅದಕ್ಕಿಂತ ಮಿಗಿಲಾಗಿ ಬೇಕಾದದ್ದು ಭಾರದ ಅರಿವು. ಎಷ್ಟು ಭಾರ, ಆ ಭಾರ ಎಲ್ಲಿ ಕೂತಿದೆ ಎಂಬ ಎರಡು ಪ್ರಶ್ನೆಗಳಲ್ಲಿ ಈ ವಿದ್ಯೆಯೆಲ್ಲ ಅಡಗಿದೆ. ಈ ಎರಡು ಪ್ರಶ್ನೆಗಳಿಗೂ ಉತ್ತರವನ್ನು ನಮ್ಮ ಅರಸೀಕೆರೆ ಸೀಮೆಯ ಗಾಡಿಯವರು ಬಹಳ ಹಿಂದೆಯೇ ಕಂಡುಕೊಂಡಿದ್ದರೆಂಬುದನ್ನು ಹೇಳುವುದೇ ಈ ಲೇಖನದ ಉದ್ದೇಶ.

ಕಮಾನು ಗಾಡಿಯ ಸಂಸಾರ

ಬಸ್ಸುಗಳು ಹಳ್ಳಿಹಳ್ಳಿಗೂ ಬರುವುದಕ್ಕೆ ಮುನ್ನ ನಮ್ಮ ಕಡೆಯ ಜನ ಜಾತ್ರೆಗೂ ಮದುವೆಗೂ ಹೋಗುತ್ತಿದ್ದುದು ಕಮಾನು ಗಾಡಿಯಲ್ಲಿ. ಬಿದಿರಿನ ದಬ್ಬೆಗಳನ್ನು ಬಿಲ್ಲಿನಂತೆ ಬಗ್ಗಿಸಿ, ಅವುಗಳ ಮೇಲೆ ಹೆಣೆದ ತಟ್ಟಿಯನ್ನು ಹೊದಿಸಿ ಕಟ್ಟಿದ ಮಾಡು. ಕೆಳಗೆ ಒಂದು ಮೊಳ ಎತ್ತರಕ್ಕೆ ಹರಡಿದ ಹುಲ್ಲು. ಅದರ ಮೇಲೊಂದು ಜಮಖಾನ. ಹುಲ್ಲು ಸವಾರರಿಗೆ ಮೆತ್ತೆ, ಎತ್ತುಗಳಿಗೆ ಮೇವು. ಗಾಡಿಯ ಕೆಳಗೆ ತೂಗುಬಿಟ್ಟ ಲಾಟೀನು ದಾರಿ ತೋರುತ್ತಿತ್ತು. ಅಕ್ಕಿ, ಬೇಳೆ, ಪಾತ್ರೆಗಳ ಗಂಟು ಒಂದು ಮೂಲೆಯಲ್ಲಿ. ಮಾಲೇಕಲ್ಲು ತಿರುಪತಿಯ ಜಾತ್ರೆಗೋ ಬೇಲೂರಿನ ತೇರಿಗೋ ಹೊರಟ ಸಂಸಾರ ಊರ ಹೊರಗಿನ ಗುಂಡುತೋಪಿನಲ್ಲಿ ಗಾಡಿ ಬಿಟ್ಟು, ಮೂರು ಕಲ್ಲು ಹೂಡಿ ಅನ್ನ ಬೇಯಿಸಿಕೊಂಡು, ಹೆಂಗಸರು ಮಕ್ಕಳು ಗಾಡಿಯೊಳಗೂ ಗಂಡಸರು ಗಾಡಿಯ ಕೆಳಗೂ ಮಲಗಿ ರಾತ್ರಿ ಕಳೆಯುತ್ತಿದ್ದರು. ಇಂದು ಪರದೇಶದವರು 'ಕ್ಯಾಂಪಿಂಗ್' ಎಂದು ಕರೆಯುವ ವಿಲಾಸ ನಮ್ಮ ಅಜ್ಜಿಯರಿಗೆ ವರ್ಷಕ್ಕೊಮ್ಮೆ ಬರುವ ಸಾಮಾನ್ಯ ಸಂಗತಿಯಾಗಿತ್ತು.

'ಕಮಾನು' ಎಂಬ ಮಾತನ್ನೇ ಸ್ವಲ್ಪ ಗಮನಿಸಬಹುದು. ಪಾರಸಿಯಲ್ಲಿ ಅದು ಬಿಲ್ಲಿನ ಹೆಸರು. ಕನ್ನಡದಲ್ಲಿ ಬಾಗಿಲ ಮೇಲಿನ ಬಾಗುವೂ ಕಮಾನು, ಗಾಡಿಯ ಮೇಲಿನ ಮಾಡೂ ಕಮಾನು, ಮೋಟಾರು ವಾಹನದ ಅಡಿಯ ಉಕ್ಕಿನ ಪಟ್ಟಿಯೂ ಕಮಾನು. ಬಗ್ಗಿದ ವಸ್ತುವಿಗೆ ಒಂದು ಬಲವಿದೆ. ತೆಳ್ಳಗಿದ್ದರೂ ಅದು ಭಾರ ಹೊರುತ್ತದೆ. ಹನಿಗಾಡಿಯ ಮಾಡು ನಿಲ್ಲುವುದೂ ಇದೇ ತತ್ತ್ವದ ಮೇಲೆ.

ಹಳೆಯ ಗಾಡಿಯ ಗಾಲಿಗೆ ಬಡಗಿಯು ಗಟ್ಟಿಯಾದ ಜಾಲಿಯ ಮರವನ್ನು ಆರಿಸುತ್ತಿದ್ದ. ಮಾಡಿಗೆ ಹಗುರವಾದ ಬಿದಿರನ್ನು ಬಳಸುತ್ತಿದ್ದ. ಪೆಟ್ಟು ಬೀಳುವಲ್ಲಿ ಗಟ್ಟಿ, ಬರಿಯ ನೆರಳು ಬೇಕಾದಲ್ಲಿ ಹಗುರ. ಅಮೃತಮಹಲ್ ತಳಿಯ ಎತ್ತುಗಳು ಈ ಸೀಮೆಯ ಕಾವಲುಗಳಲ್ಲಿ ಬೆಳೆದವು, ಓಟಕ್ಕೆ ಹೆಸರಾದವು. ಅಂತಹ ಎತ್ತುಗಳನ್ನು ಹೂಡಿದರೂ ಬೇಡದ ಒಂದು ಸೇರಿನ ಭಾರವನ್ನು ಗಾಡಿಯವನು ಹೇರುತ್ತಿರಲಿಲ್ಲ. ಹೊರುವ ಜೀವದ ಕಷ್ಟ ಅವನ ಕಣ್ಣೆದುರಿಗೇ ಇತ್ತು.

ಎರಡು ಟನ್ನಿನಿಂದ ಮುನ್ನೂರು ಕಿಲೋಗೆ

ಪಾಶ್ಚಾತ್ಯರು ಈ ಪಾಠವನ್ನು ಕಲಿಯಲು ಸ್ವಲ್ಪ ಕಾಲ ಹಿಡಿಯಿತು. 1885ರಲ್ಲಿ ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಎಂಬ ವೈದ್ಯ, ನಿವೃತ್ತ ನೌಕಾಧಿಕಾರಿ ಹಾಗೂ ಕಾದಂಬರಿಕಾರರು ಕೇವಲ ವಿಹಾರಕ್ಕೆಂದೇ ಒಂದು ಗಾಡಿಮನೆಯನ್ನು ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಮಾಡಿಸಿದರು. ಅದರ ಹೆಸರು 'ವಾಂಡರರ್', ಎಂದರೆ ಅಲೆಮಾರಿ. ಮಹಾಗನಿ ಮರದ ಕೆಲಸ, ಒಳಗೆ ಪುಸ್ತಕದ ಕಪಾಟು, ಎಳೆಯಲು ಎರಡು ಕುದುರೆಗಳು. ಭಾರ ಸುಮಾರು ಎರಡು ಟನ್ನು! ಏರುದಾರಿ ಬಂದಾಗಲೆಲ್ಲ ಆ ಕುದುರೆಗಳು ಪಟ್ಟ ಪಾಡನ್ನು ಯಾರಾದರೂ ಊಹಿಸಿಕೊಳ್ಳಬಹುದು.

ಮುಂದೆ ಮೋಟಾರು ಬಂದಿತು. 1930ರ ದಶಕದಲ್ಲಿ, ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ, ಅಮೆರಿಕದ ಸಾಮಾನ್ಯ ಸಂಸಾರಗಳು ತಮ್ಮ ಸಣ್ಣ ಕಾರುಗಳು ಎಳೆಯಬಲ್ಲಂತಹ ಪುಟ್ಟ ಗಾಡಿಗಳನ್ನು ತಾವೇ ಮಾಡಿಕೊಳ್ಳತೊಡಗಿದವು. ಹನಿಗಾಡಿ ಹುಟ್ಟಿದ್ದು ಹೀಗೆ, ಬಡತನದ ಜಾಣತನದಿಂದ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೈನ್ಯದಲ್ಲಿ ಉಳಿದ ಅಲ್ಯೂಮಿನಿಯಂ ತಗಡು, ಜೀಪಿನ ಗಾಲಿಗಳು ಅಗ್ಗವಾಗಿ ಸಿಕ್ಕವು. 1947ರ ಸೆಪ್ಟೆಂಬರಿನಲ್ಲಿ 'ಮೆಕ್ಯಾನಿಕ್ಸ್ ಇಲ್ಲಸ್ಟ್ರೇಟೆಡ್' ಎಂಬ ಪತ್ರಿಕೆ ಇಂತಹ ಗಾಡಿಯ ನಕ್ಷೆಯನ್ನು ಅಳತೆಗಳೊಡನೆ ಅಚ್ಚು ಮಾಡಿತು. ಪತ್ರಿಕೆಯೊಂದನ್ನು ಕೊಂಡ ಓದುಗ ತನ್ನ ಮನೆಯ ಹಿಂದೆ ಗಾಡಿ ಕಟ್ಟುವುದು ಅಂದಿನಿಂದ ಒಂದು ಹವ್ಯಾಸವೇ ಆಯಿತು.

ಅದರ ಅಳತೆಯ ಗುಟ್ಟು ಬಹಳ ಸರಳ. ಪ್ಲೈವುಡ್ಡಿನ ಹಾಳೆ ಅಲ್ಲಿಯೂ ಇಲ್ಲಿಯೂ 8 ಅಡಿ ಉದ್ದ, 4 ಅಡಿ ಅಗಲ. ಒಂದು ಹಾಳೆ ನೆಲಕ್ಕೆ, ಎರಡು ಹಾಳೆ ಎರಡು ಪಕ್ಕದ ಗೋಡೆಗೆ. ಹೀಗೆ 8 ಅಡಿ ಉದ್ದ, 4 ಅಡಿ ಅಗಲ, 4 ಅಡಿ ಎತ್ತರದ ಮನೆ ತಾನಾಗಿಯೇ ಗೊತ್ತಾಗುತ್ತದೆ. ಒಳಗೆ ನಿಲ್ಲುವಂತಿಲ್ಲ, ಕೂರಬಹುದು, ಮಲಗಬಹುದು. ದೊಡ್ಡ ಸಂಸಾರವಾದರೆ ಉಳಿದವರಿಗೆ ಪಕ್ಕದಲ್ಲೊಂದು ಡೇರೆ ಹೊಡೆಯಬೇಕು. 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ನಮ್ಮ ಗಾದೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

ಮೊದಲು ಕಚೇರಿ, ಆಮೇಲೆ ಗರಗಸ

ಇಷ್ಟನ್ನು ಓದಿ ಉತ್ಸಾಹದಿಂದ ಮರದ ಅಂಗಡಿಗೆ ಹೊರಟ ಓದುಗರನ್ನು ಒಂದು ಗಳಿಗೆ ತಡೆಯಬೇಕಾಗಿದೆ. ಎತ್ತು ಎಳೆದರೆ ಅದು ಬರಿಯ ಗಾಡಿ. ಅದನ್ನೇ ಕಾರು ಎಳೆದರೆ ಕಾನೂನಿನ ಕಣ್ಣಿಗೆ ಅದು 'ಟ್ರೇಲರು'. 1988ರ ಮೋಟಾರು ವಾಹನಗಳ ಅಧಿನಿಯಮದ 61ನೆಯ ಪ್ರಕರಣದಂತೆ, ಇತರ ವಾಹನಗಳಿಗೆ ಇರುವ ನೋಂದಣಿಯ ನಿಯಮಗಳು ಟ್ರೇಲರಿಗೂ ಅನ್ವಯಿಸುತ್ತವೆ. ಮನೆಯಲ್ಲಿ ಮಾಡಿದ್ದು, ಚಿಕ್ಕದು, ಮರದ್ದು ಎಂಬ ಕಾರಣಗಳಿಂದ ಅದಕ್ಕೆ ವಿನಾಯಿತಿ ದೊರೆಯದು.

ಆದಕಾರಣ ಮಾಡಬೇಕಾದ ಮೊದಲ ಕೆಲಸವೆಂದರೆ ಒಂದು ಅಚ್ಚುಕಟ್ಟಾದ ನಕ್ಷೆ ಬರೆದು, ಅಳತೆ ತೂಕಗಳನ್ನು ನಮೂದಿಸಿ, ನಮ್ಮ ಪ್ರಾದೇಶಿಕ ಸಾರಿಗೆ ಕಚೇರಿಗೆ ಹೋಗಿ ವಿಚಾರಿಸುವುದು. ಯಾವ ಪರೀಕ್ಷೆ, ಯಾವ ಪ್ರಮಾಣಪತ್ರ ಬೇಕೆಂಬುದನ್ನು ಬರಹದಲ್ಲಿ ಪಡೆದರೆ ಒಳ್ಳೆಯದು. ವಿಮೆಯ ಕಂಪನಿಯನ್ನೂ ಕೇಳಬೇಕು. ಮೂರನೆಯದಾಗಿ ನಮ್ಮ ಕಾರಿನ ಕೈಪಿಡಿಯನ್ನು ತೆರೆದು ಅದು ಎಷ್ಟು ಭಾರ ಎಳೆಯಬಹುದೆಂದು ತಯಾರಕರು ಹೇಳಿದ್ದಾರೆಯೇ ನೋಡಬೇಕು. ಹೇಳಿರದಿದ್ದರೆ ಎಳೆಯದಿರುವುದೇ ವಿವೇಕ. ಅಡಿಯ ಕಬ್ಬಿಣದ ಚೌಕಟ್ಟು, ಇರುಸು, ಗಾಲಿ, ಕಾರಿಗೆ ಸೇರಿಸುವ ಕೊಂಡಿ, ಹಿಂದಿನ ದೀಪಗಳು ಇವಿಷ್ಟನ್ನು ಟ್ರೇಲರು ಮಾಡಿ ಅಭ್ಯಾಸವಿರುವ, ಅಧಿಕೃತವಾದ ಕಾರ್ಖಾನೆಯಿಂದಲೇ ಮಾಡಿಸತಕ್ಕದ್ದು. ಮನೆಯ ಹವ್ಯಾಸಿಯ ರಾಜ್ಯ ಆ ಚೌಕಟ್ಟಿನ ಮೇಲಿನಿಂದ ಆರಂಭವಾಗುತ್ತದೆ.

ಒಂದು ವೇಳೆ ಅನುಮತಿ ದೊರೆಯದೆ ಹೋದರೆ? ಅದಕ್ಕೂ ಈ ಲೇಖನದ ಕೊನೆಯಲ್ಲಿ ಒಂದು ಸಮಾಧಾನವಿದೆ.

ಕಟ್ಟುವ ಕ್ರಮ

ಮರದ ವಿಷಯಕ್ಕೆ ಬರೋಣ. ನೀರಿಗೆ ಬಿಟ್ಟುಕೊಳ್ಳದ ಅಂಟಿನಿಂದ ಮಾಡಿದ ಪ್ಲೈವುಡ್ಡೇ ಬೇಕು. ಭಾರತೀಯ ಮಾನಕದ 710ನೆಯ ಸಂಖ್ಯೆ ಹೊತ್ತ 'ಮರೈನ್' ಪ್ಲೈವುಡ್ಡು ಇದಕ್ಕೆ ಯೋಗ್ಯವಾದದ್ದು. ಎಡೆಯ ಪಟ್ಟಿಗಳಿಗೆ ಚೆನ್ನಾಗಿ ಒಣಗಿದ ಸಿಲ್ವರ್ ಓಕ್ ಆದೀತು. ಬೇಲೂರಿನ ಕಡೆಯ ಕಾಫಿ ತೋಟಗಳಲ್ಲಿ ನೆರಳಿಗೆಂದು ಬೆಳೆಸುವ ಮರವದು. ಅದಕ್ಕೆ ಗೆದ್ದಲಿನ ಮತ್ತು ತೇವದ ಭಯ ಉಂಟು. ಬಣ್ಣ ಬಳಿಯದೆ ಬಿಡಕೂಡದು.

ಈಗ ತೂಕದ ಲೆಕ್ಕ. ಪ್ಲೈವುಡ್ಡು ಘನ ಮೀಟರಿಗೆ 650 ಕಿಲೋ ತೂಗುವುದೆಂದು ಹಿಡಿದರೆ, 12 ಮಿಲಿಮೀಟರ್ ದಪ್ಪದ ಒಂದು ಹಾಳೆ ಸುಮಾರು 23 ಕಿಲೋ, 19 ಮಿಲಿಮೀಟರಿನದು ಸುಮಾರು 37 ಕಿಲೋ ತೂಗುತ್ತದೆ. ನೆಲಕ್ಕೂ ಗೋಡೆಗಳಿಗೂ ಮೂರು ಹಾಳೆ ಬೇಕಷ್ಟೆ. ದಪ್ಪನೆಯದೇ ಭದ್ರವೆಂದು 19 ಮಿಲಿಮೀಟರಿನದನ್ನು ತಂದರೆ, ಈ ಒಂದು ಕಡೆಯಲ್ಲಿಯೇ 40 ಕಿಲೋ ಹೆಚ್ಚಾಯಿತು. ಇಬ್ಬರ ಪ್ರಯಾಣದ ಸಾಮಾನೆಲ್ಲ ಸೇರಿ ಅಷ್ಟೇ ತೂಗೀತು! ಹೊರಡುವ ಮುನ್ನವೇ ಗಾಡಿ ತುಂಬಿದಂತಾಯಿತು. ಆದ್ದರಿಂದ 12 ಮಿಲಿಮೀಟರಿನ ಹಾಳೆಯನ್ನೇ ಆರಿಸಿ, ಬಲ ಸಾಲದೆಡೆ ಮಾತ್ರ ಒಳಗಿನಿಂದ ಪಟ್ಟಿ ಕೊಡುವುದು ಜಾಣತನ.

ಮೊದಲು ನೆಲದ ಹಾಳೆಯನ್ನು ಕಬ್ಬಿಣದ ಚೌಕಟ್ಟಿನ ಮೇಲೆ ಬೋಲ್ಟುಗಳಿಂದ ಬಿಗಿಯಬೇಕು. ಅದಕ್ಕೆ ಮುನ್ನ ಹಾಳೆಯ ಅಡಿಭಾಗಕ್ಕೂ ನಾಲ್ಕು ಅಂಚುಗಳಿಗೂ ಎರಡು ಮೂರು ಸಲ ನೀರು ತಡೆಯುವ ಬಣ್ಣ ಬಳಿದಿರಬೇಕು. ಪ್ಲೈವುಡ್ಡು ನೀರು ಕುಡಿಯುವುದು ಮುಖದಿಂದ ಅಲ್ಲ, ಅಂಚಿನಿಂದ. ಅಂಚನ್ನು ಮರೆತವನ ಗಾಡಿ ಎರಡು ಮಳೆಗಾಲ ಕಾಣುವುದು ಕಷ್ಟ.

ಆಮೇಲೆ ಪಕ್ಕದ ಗೋಡೆಗಳು. ಗೋಡೆಯ ಹಾಳೆಯ ಮೇಲೆ ಹನಿಯ ಆಕಾರವನ್ನು ಬರೆಯುವುದು ಹೇಗೆ? ಅಲ್ಲಲ್ಲಿ ಸಣ್ಣ ಮೊಳೆ ಹೊಡೆದು, ಉದ್ದನೆಯ ಬಿದಿರು ದಬ್ಬೆಯೊಂದನ್ನು ಅವುಗಳಿಗೆ ಒತ್ತಿ ಬಗ್ಗಿಸಿ, ಅದರ ಗುಂಟ ಪೆನ್ಸಿಲು ಎಳೆದರೆ ಸಾಕು. ಕಮಾನಿನ ಮಾಡನ್ನು ಕಟ್ಟಿದ ಬಿದಿರೇ ಇಲ್ಲಿ ನಕ್ಷೆಗಾರನಾಗುತ್ತದೆ. ಒಂದು ಗೋಡೆಯನ್ನು ಕೊಯ್ದು, ಕೀಸಿ, ಅದನ್ನು ಎರಡನೆಯ ಹಾಳೆಯ ಮೇಲಿಟ್ಟು ಗೆರೆ ಎಳೆದುಕೊಳ್ಳಬೇಕು. ಎರಡೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದರೆ ಮಾಡು ನೇರವಾಗಿ ಕೂರುತ್ತದೆ. ಕಾಲಂಗುಲ ಹೆಚ್ಚು ಕಡಮೆಯಾದರೂ ತಿರುಚಿಕೊಳ್ಳುತ್ತದೆ. ಎರಡೂ ಪಕ್ಕಕ್ಕೆ ಒಂದೊಂದು ಬಾಗಿಲನ್ನು ಕೊಯ್ಯಬೇಕು. ಮೂಲೆಗಳನ್ನು ಚೌಕವಾಗಿ ಬಿಡದೆ ದುಂಡಾಗಿಸಬೇಕು, ಏಕೆಂದರೆ ರಸ್ತೆಯ ಕುಲುಕಾಟಕ್ಕೆ ಬಿರುಕು ಹುಟ್ಟುವುದು ಚೌಕದ ಮೂಲೆಯಿಂದಲೇ.

ಎರಡು ಗೋಡೆಗಳ ನಡುವೆ ಅಡ್ಡಲಾಗಿ ಒಂದೊಂದು ಅಡಿಗೊಂದರಂತೆ ಪಟ್ಟಿಗಳನ್ನು ಅಂಟು ಹಚ್ಚಿ ತಿರುಪು ಮೊಳೆಯಿಂದ ಬಿಗಿದರೆ ಅಸ್ಥಿಪಂಜರ ಸಿದ್ಧವಾಯಿತು. ಇದರ ಮೇಲೆ 4 ಮಿಲಿಮೀಟರಿನ ತೆಳ್ಳನೆಯ ಪ್ಲೈವುಡ್ಡನ್ನು ಒಳಗೂ ಹೊರಗೂ ಹೊದಿಸಬೇಕು. ಮುಂಬದಿಯ ಬಾಗು ಬಿಗಿಯಾಗಿರುವುದರಿಂದ ಹಾಳೆಯನ್ನು ಒದ್ದೆ ಬಟ್ಟೆಯಿಂದ ನೆನೆಸಿ, ಹಗ್ಗದಿಂದ ನಿಧಾನವಾಗಿ ಎಳೆದು ಕಟ್ಟಿ, ಒಂದು ರಾತ್ರಿ ಹಾಗೆಯೇ ಬಿಟ್ಟು ಒಣಗಿದ ಮೇಲೆ ಅಂಟಿಸುವುದು ಲೇಸು. ಅವಸರ ಮಾಡಿದರೆ ಹಾಳೆ ಪಟ್ಟನೆ ಸಿಡಿಯುತ್ತದೆ. ಎರಡು ಪದರಗಳ ನಡುವಿನ ಟೊಳ್ಳಿನಲ್ಲಿ ಥರ್ಮೊಕೋಲಿನ ತುಂಡುಗಳನ್ನಿಟ್ಟರೆ ನಮ್ಮ ಬಯಲುಸೀಮೆಯ ಬಿಸಿಲು ಒಳಗೆ ಅಷ್ಟಾಗಿ ಇಳಿಯದು.

ಕೊನೆಯದು ಹಿಂಬದಿಯ ಮುಚ್ಚಳ. ಅದು ಮೇಲಂಚಿನ ಕೀಲಿನಿಂದ ತೆರೆದು ಅಡಿಗೆಯವರ ತಲೆಯ ಮೇಲೆ ಸೂರಿನಂತೆ ನಿಲ್ಲಬೇಕು. ನೀರು ಸೋರುವ ಜಾಗವೂ ಆ ಕೀಲಿನ ಸಂದೇ. ಅಲ್ಲಿ ರಬ್ಬರಿನ ಪಟ್ಟಿಯನ್ನು ಎರಡು ಸಾಲು ಇಟ್ಟರೂ ಹೆಚ್ಚಲ್ಲ.

ಎಲ್ಲ ಕೂಡಿದರೆ ಮರದ ಭಾಗ ಸುಮಾರು 140 ಕಿಲೋ. ಕಬ್ಬಿಣದ ಚೌಕಟ್ಟು, ಇರುಸು, ಗಾಲಿಗಳು 120 ಕಿಲೋ. ಬಾಗಿಲು ಕಿಟಕಿ, ಹಾಸಿಗೆ, ಬಣ್ಣ ಸೇರಿ 50 ಕಿಲೋ ಎಂದು ಅಂದಾಜು ಹಾಕಬಹುದು. ಪ್ರಯಾಣದ ಸಾಮಾನು 40 ಕಿಲೋ ಹಿಡಿದರೆ ತುಂಬಿದ ಗಾಡಿ 350 ಕಿಲೋ. ಪ್ರತಿಯೊಂದು ವಸ್ತುವನ್ನೂ ಒಳಗಿಡುವ ಮುನ್ನ ತೂಗಿ ಪುಸ್ತಕದಲ್ಲಿ ಬರೆದಿಡುವ ಕೆಲಸವನ್ನು ಮನೆಯ ಮಕ್ಕಳಿಗೆ ವಹಿಸಬಹುದು. ಲೆಕ್ಕದ ಪಾಠ ಅವರಿಗೆ ಇಷ್ಟು ರುಚಿಸಿದ್ದು ಬೇರೆಲ್ಲೂ ಇರಲಾರದು.

ಮುಂಭಾರ, ಹಿಂಭಾರ

ಈಗ ಎರಡನೆಯ ಪ್ರಶ್ನೆ: ಭಾರ ಎಲ್ಲಿ ಕೂತಿದೆ? ಪ್ರಾಣದ ಪ್ರಶ್ನೆ ಇದೇ.

ಎತ್ತಿನ ಗಾಡಿಯ ನಡುವೆ ಇರುಸು, ಮುಂದೆ ಚಾಚಿದ ಮೂಕಿ, ಮೂಕಿಯ ತುದಿಯಲ್ಲಿ ನೊಗ. ಸಾಮಾನನ್ನು ಇರುಸಿನಿಂದ ಮುಂದಕ್ಕೆ ಹೆಚ್ಚಾಗಿ ಹೇರಿದರೆ ಭಾರವೆಲ್ಲ ನೊಗದ ಮೂಲಕ ಎತ್ತುಗಳ ಹೆಗಲಿಗೆ ಬೀಳುತ್ತದೆ. ಇದು ಮುಂಭಾರ. ಹಿಂದಕ್ಕೆ ಹೆಚ್ಚಾಗಿ ಹೇರಿದರೆ ಮೂಕಿ ಮೇಲೇಳುತ್ತದೆ, ಕೊರಳ ಪಟ್ಟಿ ಎತ್ತಿನ ಗಂಟಲನ್ನು ಒತ್ತುತ್ತದೆ. ಇದು ಹಿಂಭಾರ. ಎರಡೂ ತಪ್ಪು. ಸ್ವಲ್ಪ, ಸ್ವಲ್ಪವೇ ಮುಂಭಾರ ಇರಬೇಕೆಂಬುದು ಗಾಡಿಯವರ ನಿಯಮ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು 1970ರ ದಶಕದಿಂದ ಎತ್ತಿನ ಗಾಡಿಯ ಸುಧಾರಣೆಗಾಗಿ ದುಡಿದವರು. ಎತ್ತಿನ ಹೆಗಲ ಮೇಲೆ ಬೀಳುವ ಅನಗತ್ಯವಾದ ನೋವು ಅವರ ಮುಖ್ಯ ಚಿಂತೆಗಳಲ್ಲಿ ಒಂದಾಗಿತ್ತು.

ಕಾರಿನ ಹಿಂದಿನ ಗಾಡಿಗೂ ಇದೇ ನಿಯಮ. ಒಟ್ಟು ಭಾರದಲ್ಲಿ ನೂರಕ್ಕೆ 10ರಿಂದ 15ರಷ್ಟು ಕೊಂಡಿಯ ಮೇಲೆ ಕೂರಬೇಕೆಂದು ತಜ್ಞರು ಹೇಳುತ್ತಾರೆ. ಇದು ನಮ್ಮ ಗಾಡಿಯವರ ಮುಂಭಾರವೇ ಹೊರತು ಬೇರೆಯಲ್ಲ. ಅಂತರ ಒಂದೇ. ನಿಧಾನವಾಗಿ ಸಾಗುವ ಗಾಡಿಯಲ್ಲಿ ತಪ್ಪಿನ ಫಲವನ್ನು ಎತ್ತು ಉಣ್ಣುತ್ತದೆ. ಹೆದ್ದಾರಿಯ ವೇಗದಲ್ಲಿ ಅದನ್ನು ಸಂಸಾರವೇ ಉಣ್ಣಬೇಕಾಗುತ್ತದೆ. ಹಿಂಭಾರದ ಟ್ರೇಲರು ಎದುರಿನ ಲಾರಿಯ ಗಾಳಿಗೋ ರಸ್ತೆಯ ಗುಂಡಿಗೋ ಒಮ್ಮೆ ಓಲಾಡಿದರೆ, ಆ ಓಲಾಟ ತಗ್ಗುವ ಬದಲು ಬೆಳೆಯುತ್ತ ಹೋಗುತ್ತದೆ. 'ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು' ಎಂಬಂತೆ ಕಾರು ಒಂದು ಕಡೆಗೂ ಗಾಡಿ ಇನ್ನೊಂದು ಕಡೆಗೂ ಎಳೆದು, ಎರಡೂ ಹಳ್ಳ ಸೇರುತ್ತವೆ.

ಲೆಕ್ಕ ಕಷ್ಟವೇನಿಲ್ಲ. ನಮ್ಮ ಗಾಡಿಯ ಇರುಸನ್ನು ಮುಂಬದಿಯ ಗೋಡೆಯಿಂದ 5 ಅಡಿ ಹಿಂದಕ್ಕೆ ಇಡೋಣ. ಮುಂದೆ ಚಾಚಿದ ಮೂಕಿ 3 ಅಡಿ. ಅಲ್ಲಿಗೆ ಕೊಂಡಿಯಿಂದ ಇರುಸಿಗೆ 8 ಅಡಿ ಆಯಿತು. ತುಂಬಿದ ಗಾಡಿಯ ಭಾರಕೇಂದ್ರ ಇರುಸಿನಿಂದ 1 ಅಡಿ ಮುಂದೆ ಇದ್ದರೆ, ಒಟ್ಟು ಭಾರದ ಎಂಟನೆಯ ಒಂದು ಪಾಲು ಕೊಂಡಿಗೆ ಬೀಳುತ್ತದೆ. 350 ಕಿಲೋವಿಗೆ ಸುಮಾರು 44 ಕಿಲೋ, ನೂರಕ್ಕೆ ಹನ್ನೆರಡೂವರೆ. ಸರಿಯಾಗಿದೆ.

ಹೊರಡುವ ಹೊತ್ತಿಗೆ ಯಾರೋ 20 ಲೀಟರಿನ ಎರಡು ನೀರಿನ ಕ್ಯಾನುಗಳನ್ನು ತಂದು, ಅಡಿಗೆಯವರಿಗೆ ಹತ್ತಿರವಾಗಲೆಂದು ಹಿಂದಿನ ಕಪಾಟಿನಲ್ಲಿ, ಇರುಸಿನಿಂದ 2 ಅಡಿ ಹಿಂದೆ ಇಟ್ಟರೆನ್ನಿ. ಕೊಂಡಿಯ ಭಾರ 10 ಕಿಲೋ ಇಳಿದು 34 ಆಯಿತು. ಒಟ್ಟು ಭಾರ ಮಾತ್ರ 390ಕ್ಕೆ ಏರಿತು. ನೂರಕ್ಕೆ 9 ಕೂಡ ಉಳಿಯಲಿಲ್ಲ! ಅದೇ ಕ್ಯಾನುಗಳನ್ನು ಇರುಸಿನಿಂದ 2 ಅಡಿ ಮುಂದೆ, ಹಾಸಿಗೆಯ ಬಳಿ ಕಟ್ಟಿ ಭದ್ರಪಡಿಸಿದ್ದರೆ ಕೊಂಡಿಯ ಭಾರ 54 ಕಿಲೋ, ನೂರಕ್ಕೆ ಸುಮಾರು 14 ಆಗುತ್ತಿತ್ತು. ನೀರು ಅದೇ, ಗಾಡಿ ಅದೇ. ಇಟ್ಟ ಜಾಗ ಮಾತ್ರ ಬೇರೆ.

ಇದನ್ನು ಪರೀಕ್ಷಿಸಲು ಮನೆಯಲ್ಲಿ ನಾವು ನಿಂತು ತೂಕ ನೋಡಿಕೊಳ್ಳುವ ಯಂತ್ರವೇ ಸಾಕು. ಸಮತಟ್ಟಾದ ನೆಲದಲ್ಲಿ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಯಂತ್ರದ ಮೇಲೊಂದು ಗಟ್ಟಿ ಮರದ ತುಂಡು ನಿಲ್ಲಿಸಿ, ಕಾರಿಗೆ ಸೇರಿದಾಗ ಎಷ್ಟು ಎತ್ತರವಿರುವುದೋ ಅಷ್ಟೇ ಎತ್ತರದಲ್ಲಿ ಕೊಂಡಿಯನ್ನು ಅದರ ಮೇಲೆ ಕೂರಿಸಿ ಓದಿಕೊಳ್ಳಬೇಕು. ಇಷ್ಟಾದರೂ ದಾರಿಯಲ್ಲಿ ಗಾಡಿ ಓಲಾಡಿದರೆ ಗಾಬರಿಯಿಂದ ಬ್ರೇಕು ಒತ್ತಕೂಡದು. ಸ್ಟೀರಿಂಗನ್ನು ನೇರವಾಗಿ ಹಿಡಿದು, ವೇಗವನ್ನು ಮೆಲ್ಲನೆ ಇಳಿಸಿ, ಪಕ್ಕಕ್ಕೆ ನಿಲ್ಲಿಸಿ, ಸಾಮಾನನ್ನು ಮುಂದಕ್ಕೆ ಸರಿಸಿಕೊಳ್ಳಬೇಕು. ಗಾಡಿ ಚಲಿಸುವಾಗ ಅದರೊಳಗೆ ಮಕ್ಕಳನ್ನಾಗಲಿ ಮುದುಕರನ್ನಾಗಲಿ ಕೂರಿಸಲೇಬಾರದು.

ಗಾಳಿ, ಬೆಂಕಿ, ತೆಂಗಿನಕಾಯಿ

ಒಳಗೆ ಮಲಗುವವರ ಕ್ಷೇಮಕ್ಕೆ ಎರಡು ಮಾತು. ಇಷ್ಟು ಚಿಕ್ಕ ಪೆಟ್ಟಿಗೆಯಲ್ಲಿ ಇಬ್ಬರು ಉಸಿರಾಡಿದರೆ ಬೆಳಗಾಗುವಷ್ಟರಲ್ಲಿ ಗೋಡೆಯ ಮೇಲೆ ನೀರಿನ ಹನಿಗಳು ಮೂಡುತ್ತವೆ. ಗೋಡೆಯ ಕೆಳಭಾಗದಲ್ಲೊಂದು, ಮಾಡಿನ ಬಳಿಯಲ್ಲೊಂದು ಗಾಳಿಗಂಡಿ ಯಾವಾಗಲೂ ತೆರೆದಿರಬೇಕು. ಸೊಳ್ಳೆಗೆ ಜಾಲರಿ ಹೊಡೆದರಾಯಿತು. ಒಲೆಯನ್ನಾಗಲಿ ಇದ್ದಿಲಿನ ಅಗ್ಗಿಷ್ಟಿಕೆಯನ್ನಾಗಲಿ ಚಳಿಯ ನೆಪದಿಂದ ಒಳಗೆ ತರುವುದು ಸಾವನ್ನು ಕರೆದಂತೆ. ಅದರಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ರೆಯಲ್ಲಿದ್ದವರು ಮತ್ತೆ ಏಳುವುದಿಲ್ಲ. ಅಡಿಗೆಯನ್ನು ಹಿಂಬದಿಯಲ್ಲಿ, ಬಯಲಿನಲ್ಲಿ ಇಟ್ಟಿರುವುದರ ಗುಟ್ಟು ಇದೇ. ಕಮಾನು ಗಾಡಿಯವರೂ ಒಲೆ ಹೂಡುತ್ತಿದ್ದುದು ಗಾಡಿಯಿಂದ ದೂರದಲ್ಲಿಯೇ. ಅವರಿಗೆ ಹುಲ್ಲಿನ ಭಯ, ನಮಗೆ ಗಾಳಿಯ ಭಯ.

ಅರಸೀಕೆರೆಯವರಿಗೆ ಇನ್ನೊಂದು ವಿಶೇಷ ಸೂಚನೆ. ನಮ್ಮದು ಕೊಬ್ಬರಿಯ ಊರು. ಎತ್ತ ನೋಡಿದರೂ ತೆಂಗಿನ ನೆರಳು. ಆ ನೆರಳು ಎಷ್ಟೇ ತಂಪಾಗಿರಲಿ, ಅದರಡಿ ಗಾಡಿ ನಿಲ್ಲಿಸತಕ್ಕದ್ದಲ್ಲ. 4 ಮಿಲಿಮೀಟರಿನ ಮಾಡು ಮಳೆಯನ್ನು ತಡೆದೀತು; ನಲವತ್ತು ಅಡಿ ಮೇಲಿನಿಂದ ಬೀಳುವ ತೆಂಗಿನಕಾಯಿಯನ್ನು ತಡೆಯಲಾರದು. ಹುಣಸೆಯೋ ಹೊಂಗೆಯೋ ಇರುವ ಕಡೆ ನೋಡಿಕೊಳ್ಳಬೇಕು.

ಅರಸೀಕೆರೆಯಿಂದ ಬೇಲೂರಿಗೆ

ಹನಿಗಾಡಿಗೆ ನಮ್ಮ ಸೀಮೆಗಿಂತ ಒಪ್ಪುವ ದಾರಿ ಇನ್ನೊಂದಿಲ್ಲವೆಂದರೆ ಊರಿನ ಅಭಿಮಾನವೆಂದು ಓದುಗರು ನಗಬಹುದು. ಆದರೂ ಕೇಳಿ. ಅರಸಿಯೊಬ್ಬಳ ಕೆರೆಯಿಂದ ಹೆಸರು ಪಡೆದ ಅರಸೀಕೆರೆಯಲ್ಲಿ 1220ರ ಶಿವಾಲಯವಿದೆ; ಅದರ ಹದಿನಾರು ಮೂಲೆಗಳ ನಕ್ಷತ್ರಾಕಾರದ ಮಂಟಪವನ್ನು ನೋಡದೆ ರೈಲು ಬದಲಿಸಿ ಹೋದವರು ಸಾವಿರಾರು ಮಂದಿ. ಹಾಸನದ ದಾರಿಯಲ್ಲಿ 8 ಕಿಲೋಮೀಟರು ದೂರದ ಹಾರನಹಳ್ಳಿಯಲ್ಲಿ ಹದಿಮೂರನೆಯ ಶತಮಾನದ ಎರಡು ಗುಡಿಗಳು. ಇತ್ತ ಬಾಣಾವರದ ಮೇಲೆ ಹಾದು ಬಂದರೆ ಜಾವಗಲ್ಲಿನ ಲಕ್ಷ್ಮೀನರಸಿಂಹ. ಅಲ್ಲಿಂದ ಹಿಂದಿನ ದೋರಸಮುದ್ರವಾದ ಹಳೇಬೀಡು; ಇನ್ನು 16 ಕಿಲೋಮೀಟರು ಹೋದರೆ ವಿಷ್ಣುವರ್ಧನನು 1117ರಲ್ಲಿ ಕಟ್ಟಿಸಿದ ಬೇಲೂರಿನ ಚೆನ್ನಕೇಶವ. ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು 2023ರಲ್ಲಿ ಯುನೆಸ್ಕೋ ಸಂಸ್ಥೆಯ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ದಾರಿ ಚಿಕ್ಕದು. ಅಷ್ಟರಲ್ಲೇ ಬಯಲುಸೀಮೆಯ ಜಾಲಿ ಹಿಂದೆ ಸರಿದು, ಮಲೆನಾಡಿನ ಸೆರಗು ಕೈಗೆ ತಾಗುತ್ತದೆ. ಒಂದೇ ದಿನದಲ್ಲಿ ಎಲ್ಲವನ್ನೂ ಮುಗಿಸಿ ಓಡುವ ಪ್ರವಾಸಿಗೆ ಗುಡಿಗಳು ಕಲ್ಲಿನ ರಾಶಿಯಾಗಿ ಕಂಡಾವು. ನಿಧಾನವಾಗಿ ಸಾಗಿ, ಸಂಜೆಯ ಬಿಸಿಲಿನಲ್ಲಿ ಒಂದು ಗೋಡೆಯನ್ನೂ ಬೆಳಗಿನ ಬಿಸಿಲಿನಲ್ಲಿ ಇನ್ನೊಂದು ಗೋಡೆಯನ್ನೂ ನೋಡುವ ಭಾಗ್ಯ ಗಾಡಿಯಲ್ಲಿ ತಂಗುವವರದು. ಗುಡಿಯ ಆವರಣದ ಬಳಿ ರಾತ್ರಿ ತಂಗಬಾರದು. ಊರಿನಲ್ಲಿ ತೋಟ ಇರುವವರ ಅಪ್ಪಣೆ ಪಡೆದು ನಿಲ್ಲಬೇಕು. ಬೆಳಿಗ್ಗೆ ಹೊರಡುವಾಗ ಒಂದು ಎಲೆಯ ಚೂರನ್ನೂ ಬಿಟ್ಟು ಬರಬಾರದು.

ಇನ್ನು, ಅನುಮತಿ ದೊರೆಯದವರಿಗೆ ಹೇಳಿದ್ದ ಸಮಾಧಾನ. ಅದೇ ಪೆಟ್ಟಿಗೆಯನ್ನು ಗಾಲಿಗಳ ಬದಲು ನಾಲ್ಕು ಕಲ್ಲಿನ ಮೇಲೆ ಹಿತ್ತಿಲಿನಲ್ಲೋ ತೋಟದಲ್ಲೋ ಕೂರಿಸಿದರೆ, ಬಂದ ನೆಂಟರಿಗೆ ಮಲಗುವ ಕೋಣೆಯಾಯಿತು, ಓದುವ ಹುಡುಗನಿಗೆ ಏಕಾಂತವಾಯಿತು, ಬೆಳೆ ಕಾಯುವವನಿಗೆ ಬೆಚ್ಚನೆಯ ಗೂಡಾಯಿತು. ಪಟ್ಟ ಶ್ರಮ ಎಲ್ಲಿಗೂ ಹೋಗದು.

ಕೆಲಸ ಆರಂಭಿಸುವವರು ತಮ್ಮ ಊರಿನಲ್ಲಿ ಎತ್ತಿನ ಗಾಡಿ ಮಾಡುತ್ತಿದ್ದ ಹಿರಿಯ ಬಡಗಿಗಳು ಯಾರಾದರೂ ಇದ್ದಾರೆಯೇ ಎಂದು ಮೊದಲು ವಿಚಾರಿಸಲಿ. ಟ್ರ್ಯಾಕ್ಟರು ಬಂದ ಮೇಲೆ ಅವರ ಉಳಿ ಬಾಚಿಗಳಿಗೆ ಕೆಲಸ ತಗ್ಗಿದೆ. ಅವರೊಡನೆ ಅವರ ತಿಳಿವಳಿಕೆಯೂ ಹೊರಟುಹೋಗುವ ಕಾಲ ದೂರವಿಲ್ಲ. ಪ್ಲೈವುಡ್ಡು, ಥರ್ಮೊಕೋಲು ಅವರಿಗೆ ಹೊಸದಾಗಿರಬಹುದು, ಭಾರದ ವಿದ್ಯೆ ಹೊಸದಲ್ಲ. ಸಾಮಾನೆಲ್ಲ ಹೇರಿ ಮುಗಿದ ಮೇಲೆ ಮೂಕಿಯನ್ನು ಒಮ್ಮೆ ಕೈಯಿಂದ ಎತ್ತಿ ನೋಡಿ, "ಇನ್ನೊಂದು ಮೂಟೆ ಮುಂದಕ್ಕೆ ಹಾಕಿ" ಎಂದು ಹೇಳುವ ವಾಡಿಕೆ ನಮ್ಮ ಹಳ್ಳಿಗಳದು. ತೂಕದ ಯಂತ್ರ ಏನೇ ಹೇಳಲಿ, ಕಾರು ಹೊರಡಿಸುವ ಮುನ್ನ ನಾವೂ ಒಮ್ಮೆ ಬಗ್ಗಿ ಮೂಕಿಯನ್ನು ಎತ್ತಿ ನೋಡೋಣ.